ಕಥೆ ಉಳಿದು ಹೂ ಹೋದ ಬೆಟ್ಟ

ಮಳೆಗಾಲದಲ್ಲಿ ನಮ್ಮ ದಾಬಸ್‌ಪೇಟೆಯ ಯಾವುದಾದರೂ ಬೀದಿಯಲ್ಲಿ, ಯಾರದಾದರೂ ಮನೆಯ ಕುಂಡದಲ್ಲಿ ಬ್ರಹ್ಮಕಮಲ ಬಿಡುತ್ತದೆ. ಸಂಜೆಗೇ ಸುದ್ದಿ ಹಬ್ಬಿರುತ್ತದೆ. ರಾತ್ರಿ ಒಂಬತ್ತರ ಹೊತ್ತಿಗೆ ಮೊಗ್ಗು ಸಡಿಲವಾಗತೊಡಗಿದರೆ ಅಕ್ಕಪಕ್ಕದ ಹೆಂಗಸರು ಅರಿಶಿನ ಕುಂಕುಮ, ಊದುಬತ್ತಿ ಹಿಡಿದು ಬರುತ್ತಾರೆ. ಮಕ್ಕಳನ್ನು ನಿದ್ದೆಯಿಂದ ಎಬ್ಬಿಸಿ ಎತ್ತಿಕೊಂಡು ಬರುವವರೂ ಉಂಟು. ಆರತಿ ಆಗುತ್ತದೆ, ಎಲ್ಲರ ಫೋನುಗಳಲ್ಲೂ ಅದರ ಚಿತ್ರ ಸೇರುತ್ತದೆ. ಯಾರಾದರೂ ಹಿರಿಯರು ಬ್ರಹ್ಮದೇವರು ಕೂತ ಹೂ ಇದು, ಅರಳುವುದನ್ನು ಕಣ್ಣಾರೆ ನೋಡಿದವರ ಬೇಡಿಕೆ ಈಡೇರುತ್ತದೆ ಎನ್ನುತ್ತಾರೆ. ಬೆಳಗಾಗುವಷ್ಟರಲ್ಲಿ ಹೂ ಬಾಡಿ ಕತ್ತು ಬಾಗಿಸಿರುತ್ತದೆ.

ಆ ಗಿಡ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಿಂದ ಬಂದ ಕಳ್ಳಿಯ ಜಾತಿಯದು. ಕಥೆಯಲ್ಲಿ ಬರುವ ಬ್ರಹ್ಮಕಮಲ ಬೇರೆ. ಅದು ಹಿಮಾಲಯದಲ್ಲಿ ಹನ್ನೆರಡು ಸಾವಿರ ಅಡಿಗೂ ಮೇಲೆ, ಮರಗಳು ಮುಗಿದು ಬರೀ ಕಲ್ಲು ಹುಲ್ಲು ಉಳಿದಿರುವ ಕಡೆ ಬೆಳೆಯುತ್ತದೆ. ತೆಳು ಹಳದಿ ಬಣ್ಣದ, ದಳದಂತೆ ಕಾಣುವ ಕಾಗದದಂಥ ಎಲೆಗಳು ಒಂದರ ಮೇಲೊಂದು ಕವಿದುಕೊಂಡು ಒಳಗಿನ ನೇರಳೆ ಹೂಗಳನ್ನು ಚಳಿಯಿಂದ ಕಾಯುತ್ತವೆ. ಕೇದಾರ, ಬದರಿಗಳಲ್ಲಿ ದೇವರಿಗೆ ಏರಿಸುವ ಹೂ ಅದು. ಉತ್ತರಾಖಂಡದ ರಾಜ್ಯಪುಷ್ಪವೂ ಹೌದು. ಅದೇ ಸೀಮೆಯ ಗಂಧಮಾದನ ಪರ್ವತದಿಂದ ಗಾಳಿಯಲ್ಲಿ ತೇಲಿಬಂದ ಸೌಗಂಧಿಕದ ಪರಿಮಳಕ್ಕೆ ದ್ರೌಪದಿ ಮನಸೋತದ್ದು, ಅದನ್ನು ತರಲು ಹೊರಟ ಭೀಮನಿಗೆ ದಾರಿಯಲ್ಲಿ ಮುದಿ ಕಪಿಯ ರೂಪದ ಹನುಮಂತ ಬಾಲ ಅಡ್ಡ ಚಾಚಿ ಮಲಗಿದ್ದದ್ದು, ಕೊನೆಗೆ ಕುಬೇರನ ಕೊಳದ ಕಾವಲುಗಾರರೊಡನೆ ಭೀಮ ಹೊಡೆದಾಡಿ ಹೂ ತಂದದ್ದು, ಇವೆಲ್ಲ ನಮ್ಮ ಕಡೆಯ ಹರಿಕಥೆಯಲ್ಲಿ, ಗಮಕದಲ್ಲಿ ಕೇಳಿ ಬೆಳೆದ ಪ್ರಸಂಗಗಳು. ಬಯಲುಸೀಮೆಯ ಜನ ಆ ಹೂಗಳನ್ನು ಕಂಡವರಲ್ಲ. ಆದರೂ ಕಥೆ ಬೇಕಾಗಿತ್ತು. ಕಥೆಗೊಂದು ಹೂ ಬೇಕಾಗಿತ್ತು. ರಾತ್ರಿ ಅರಳಿ ಬೆಳಗ್ಗೆ ಬಾಡುವ ಬಿಳಿಯ ಹೂ ಕುಂಡದಲ್ಲಿ ಕಂಡಾಗ ಕಥೆ ಅದರ ಮೇಲೆ ಹೋಗಿ ಕೂತಿತು.

ಆ ಮನೆಗಳ ಭಕ್ತಿಯ ಬಗ್ಗೆ ನನಗೆ ತಕರಾರಿಲ್ಲ. ಆ ರಾತ್ರಿ ಒಂದು ಬೀದಿಯ ಜನರೆಲ್ಲ ಒಂದು ಹೂವಿನ ಮುಂದೆ ಮಾತಿಲ್ಲದೆ ನಿಲ್ಲುವುದು ಈ ಕಾಲದಲ್ಲಿ ಸಣ್ಣ ಸಂಗತಿಯಲ್ಲ. ನನ್ನ ನೋವು ಬೇರೆ. ಹಿಮಾಲಯದ ಹೂ ದೂರದ್ದು, ಅದರ ಕಥೆ ಬೇರೆ ಗಿಡಕ್ಕೆ ದಾಟಿದ್ದಕ್ಕೆ ಕಾರಣವಿದೆ. ನಮ್ಮ ಊರಿನಿಂದ ಏಳೆಂಟು ಕಿಲೋಮೀಟರ್ ಆಚೆ, ಕಣ್ಣೆತ್ತಿದರೆ ಕಾಣುವ ಬೆಟ್ಟದ ಹೂಗಳಿಗೂ ಹೀಗೇ ಆಗಿದೆ. ಕಥೆಗಳು ಇನ್ನೊಂದು ಹೂವಿಗೆ ದಾಟಿಕೊಂಡಿವೆ, ಹೀಗಾಗಿ ಮೊದಲಿನ ಹೂ ಕಾಣೆಯಾದದ್ದು ಯಾರಿಗೂ ಗೊತ್ತಾಗಿಲ್ಲ.

ಆ ಬೆಟ್ಟ ಶಿವಗಂಗೆ. ಸುಮಾರು ನಾಲ್ಕೂವರೆ ಸಾವಿರ ಅಡಿ ಎತ್ತರದ ಒಂಟಿ ಬಂಡೆ. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪ, ಉತ್ತರದಿಂದ ಹಾವು, ದಕ್ಷಿಣದಿಂದ ಲಿಂಗ ಎಂದು ನಾವೆಲ್ಲ ಚಿಕ್ಕಂದಿನಲ್ಲೇ ಕಲಿತದ್ದು. ಗಂಗಾಧರೇಶ್ವರನಿಗೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆ ಎಂದು ನಂಬಿ ನಾಡಿನ ಮೂಲೆಮೂಲೆಯಿಂದ ಬರುತ್ತಾರೆ. ಮಕರ ಸಂಕ್ರಾಂತಿಯ ದಿನ ತುದಿಯ ತೀರ್ಥಕಂಬದ ಬಳಿ ಒಸರುವ ಗಂಗೆಯನ್ನು ತಂದು ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಧಾರೆ ಎರೆಯುತ್ತಾರೆ. ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟು ನೀರು ಸಿಗುತ್ತದೆಯೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳದವರು ನಮ್ಮ ಕಡೆ ಯಾರೂ ಇಲ್ಲ. ಕುಮುದ್ವತಿ ಹೊಳೆ ಹುಟ್ಟುವುದೂ ಇಲ್ಲೇ. ಅದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಒಂದು ಕಾಲಕ್ಕೆ ಬೆಂಗಳೂರು ಕುಡಿದದ್ದು ಈ ಎರಡು ಹೊಳೆಗಳ ನೀರನ್ನೇ.

ಮಲೆನಾಡಿನವರ ಕಣ್ಣಿಗೆ ಇದು ಬರೀ ಕಲ್ಲುಗುಡ್ಡವಾಗಿ ಕಾಣಬಹುದು. ಆದರೆ ಸುತ್ತಲಿನ ರಾಗಿ ಹೊಲಗಳ ಮಟ್ಟಕ್ಕಿಂತ ಒಂದೇ ಸಲ ಮೇಲೆದ್ದು ನಿಂತ ಈ ಬಂಡೆ ಮೋಡವನ್ನು ತಡೆಯುತ್ತದೆ, ಮಂಜನ್ನು ಹಿಡಿದಿಡುತ್ತದೆ. ಕೆಳಗೆ ಬಿಸಿಲು ಹೊಡೆಯುತ್ತಿರುವಾಗ ಮೇಲೆ ತಣ್ಣನೆ ಗಾಳಿ ಇರುತ್ತದೆ. ಕೆಳಗಿನ ಬಯಲಲ್ಲಿ ಬದುಕಲಾಗದ ಗಿಡಗಳಿಗೆ ಬಂಡೆಯ ಸೀಳು, ದೊಣೆಯ ಅಂಚು, ನೆರಳಿನ ಮಗ್ಗುಲು ಆಸರೆ ಕೊಡುತ್ತವೆ. ನಿಜಗಲ್ಲು, ದೇವರಾಯನದುರ್ಗ, ಸಾವನದುರ್ಗ, ಮಾಕಳಿದುರ್ಗ, ನಂದಿ, ಇವೆಲ್ಲವೂ ಹೀಗೇ ಬಯಲಿನ ನಡುವೆ ತಮ್ಮದೇ ಹೂಗಳನ್ನು ಇಟ್ಟುಕೊಂಡ ಬೆಟ್ಟಗಳು.

ನಮ್ಮಜ್ಜಿ ಶಿವಗಂಗೆಯ ತಪ್ಪಲಿನವಳು. ಜಾತ್ರೆ, ಸೋಮವಾರಗಳಲ್ಲಿ ಮೆಟ್ಟಿಲ ಬಳಿ ಹಣ್ಣುಕಾಯಿ, ಹೂ ಮಾರುತ್ತಿದ್ದಳು. ಓದು ಬರಹ ಇರಲಿಲ್ಲ. ಪಂಚಾಂಗ ನೋಡದೆ ಯಾವ ಹಬ್ಬ ಹತ್ತಿರ ಬಂತೆಂದು ಬೆಟ್ಟ ನೋಡಿ ಹೇಳುತ್ತಿದ್ದಳು. ಯಾವ ಮಗ್ಗುಲಲ್ಲಿ ಯಾವ ಬಣ್ಣ ಕಂಡಿದೆ ಎಂಬುದೇ ಅವಳಿಗೆ ತಿಥಿ. ಒಂದೊಂದು ಹೂವಿಗೂ ಒಂದೊಂದು ಮಾತು ಇಟ್ಟಿದ್ದಳು. ತುಂಬೆ ತಪಸ್ಸು ಮಾಡಿ ಶಿವನನ್ನು ಒಲಿಸಿಕೊಂಡಿತಂತೆ. 'ನಿನ್ನ ಪಾದ ನನ್ನ ತಲೆ ಮೇಲಿರಲಿ' ಎಂದು ಕೇಳಬೇಕಾದದ್ದು ಸಡಗರದಲ್ಲಿ ತಿರುವುಮುರುವಾಗಿ 'ನನ್ನ ಪಾದ ನಿನ್ನ ತಲೆ ಮೇಲಿರಲಿ' ಎಂದುಬಿಟ್ಟಿತಂತೆ. ಶಿವ ನಕ್ಕು ಹಾಗೇ ಆಗಲಿ ಎಂದನಂತೆ. 'ಅದ್ಕೇ ನೋಡ್ ಮಗ, ಹೂವು ಪುಟ್ಟ ಪಾದ ಇದ್ದಂಗಿರೋದು' ಎಂದು ಅಂಗೈ ಮೇಲೆ ಒಂದು ತುಂಬೆ ಹೂ ಇಟ್ಟು ತೋರಿಸುತ್ತಿದ್ದಳು. ಈ ಕಥೆಯನ್ನು ಮುಂದೆ ಮಲಯಾಳಿ ಗೆಳೆಯರ ಬಾಯಲ್ಲೂ ಕೇಳಿದೆ. ಹೂವಿನ ಕಥೆಗಳಿಗೆ ರಾಜ್ಯದ ಗಡಿಗಳಿಲ್ಲ.

ಶಿವರಾತ್ರಿಯ ಸುಮಾರಿಗೆ ಬೆಟ್ಟಗಳ ಒಣ ಮಗ್ಗುಲಲ್ಲಿ ಅರಿಶಿನ ಬೂರುಗ ಅರಳುತ್ತಿತ್ತು. ಎಲೆಯೆಲ್ಲ ಉದುರಿ ಬರೀ ಕೊಂಬೆಯಾಗಿ ನಿಂತ ಮರ, ಅದರ ತುದಿಗಳಲ್ಲಿ ಅಂಗೈಯಗಲದ ಅಪ್ಪಟ ಹಳದಿ ಹೂ. ಮಣ್ಣೇ ಇಲ್ಲದಂತೆ ಕಾಣುವ ಬಂಡೆಯ ಬಿರುಕಿನಿಂದ ಎದ್ದು ಬರುವ ಮರ ಅದು. ಸುತ್ತಲಿನ ಹುಲ್ಲು ಸುಟ್ಟ ಬಣ್ಣಕ್ಕೆ ತಿರುಗಿದ ಹೊತ್ತಿನಲ್ಲಿ ದೂರದಿಂದ ಆ ಹಳದಿ ಕಂಡರೆ ಶಿವನಿಗೆ ಯಾರೋ ಮೊದಲೇ ಬಂದು ಪೂಜೆ ಮಾಡಿ ಹೋಗಿದ್ದಾರೆ ಅನ್ನಿಸುತ್ತಿತ್ತು. ಕೆಲವರು ಬೆಟ್ಟದಾವರೆ ಎಂದೂ ಕರೆಯುತ್ತಿದ್ದರು. ಗುಡಿಗಳಿಗೆ ಏರಿಸುವುದನ್ನು ಕಂಡು ಸಸ್ಯಶಾಸ್ತ್ರಜ್ಞರು ಅದರ ಹೆಸರಿನಲ್ಲೇ 'ರಿಲಿಜಿಯೋಸಮ್' ಎಂದು ಸೇರಿಸಿದ್ದಾರೆ. ಕಾಯಿ ಒಡೆದರೆ ಬರುವ ಅರಳೆ ದಿಂಬಿಗೆ, ಕಾಂಡದ ಅಂಟು ಔಷಧಿಗೆ. ಅಜ್ಜಿಯ ಕಾಲದವರು ಬಿದ್ದ ಹೂವನ್ನಷ್ಟೇ ಆರಿಸುತ್ತಿದ್ದರು, ಕೊಂಬೆ ಎಳೆಯುತ್ತಿರಲಿಲ್ಲ.

ಮೊದಲ ಮಳೆಗಳು ಬಿದ್ದ ಮೇಲೆ ಬಂಡೆಯ ಮೇಲಿನ ದೊಣೆಗಳ ಸುತ್ತ ಇನ್ನೊಂದು ಲೋಕ. ಬೆರಳಿನ ಉಗುರಿಗಿಂತ ಸಣ್ಣ ನೇರಳೆ ಹೂಗಳು, ನೀಲಿ ಚುಕ್ಕಿಯಂಥವು, ಬಿಳಿಯವು, ನೀರು ಜಿನುಗುವ ಕಡೆ ಬಂಡೆಗೆ ಅಂಟಿಕೊಂಡೇ ಅರಳುತ್ತವೆ. ಅವುಗಳ ನಡುವೆ ಕೆಂಪಗೆ ಹೊಳೆಯುವ ಒಂದು ಗಿಡ. ಎಲೆಯ ಕೂದಲಿನ ತುದಿಯಲ್ಲಿ ಇಬ್ಬನಿಯಂಥ ಹನಿ. ಹುಳ ಕೂತರೆ ಅಂಟಿಕೊಂಡಿತು. ಪುಸ್ತಕದವರು ಅದಕ್ಕೆ ಡ್ರೊಸೆರಾ ಎನ್ನುತ್ತಾರೆ. ಬಂಡೆಯ ಮೇಲಿನ ಬೊಗಸೆ ಮಣ್ಣಿನಲ್ಲಿ ಸಾರಜನಕ ಸಿಗದ್ದರಿಂದ ಹುಳಗಳಿಂದಲೇ ಅದನ್ನು ಪಡೆಯುವ ದಾರಿ ಕಂಡುಕೊಂಡ ಗಿಡ. ಈ ಸಣ್ಣ ಹೂಗಳು ಬದುಕುವುದು ದೊಣೆಯ ನೀರು ಇರುವ ಕೆಲವು ವಾರ ಮಾತ್ರ. ಅಷ್ಟರಲ್ಲಿ ಹುಟ್ಟಿ, ಅರಳಿ, ಬೀಜ ಕಟ್ಟಿ ಮುಗಿಸಬೇಕು. ಒಂದು ಗುಂಪು ಚಪ್ಪಲಿ ಕಾಲಲ್ಲಿ ಕುಣಿದು ಫೋಟೊ ತೆಗೆಸಿಕೊಂಡರೆ ಆ ವರ್ಷದ ಬೀಜ ಅಲ್ಲಿಗೇ ಮುಗಿಯಿತು.

ಬೆಟ್ಟದ ತುದಿಯ ಹತ್ತಿರ ಶಾಂತಲೆಯ ಹೆಸರಿನ ಕಡಿದಾದ ಬಂಡೆಯಿದೆ. ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದರಸಿ, ನಾಟ್ಯದಲ್ಲಿ ಹೆಸರಾದವಳು, 1131ರಲ್ಲಿ ಶಿವಗಂಗೆಯಲ್ಲಿ ಪ್ರಾಣ ಬಿಟ್ಟಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಮಗಳ ಸಾವಿನ ಸುದ್ದಿ ಕೇಳಿದ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಅನ್ನನೀರು ಬಿಟ್ಟು ದೇಹ ತೊರೆದಳು. ಶಾಂತಲೆ ಆ ಬಂಡೆಯಿಂದ ಕೆಳಗೆ ಹಾರಿದಳು ಎಂಬುದು ಜನರ ಮಾತು. ನಮ್ಮಜ್ಜಿ ಆ ಅಂಚಿನಲ್ಲಿ ಬಿಡುವ ಹೂವನ್ನು ಮುಟ್ಟಗೊಡುತ್ತಿರಲಿಲ್ಲ. 'ರಾಣಿ ಮುಡಿಯಿಂದ ಉದುರಿದ್ದು ಕಣ್ಮಗ, ಅವಳೇ ಬಂದು ಮುಡ್ಕೊಂತಾಳೆ' ಎನ್ನುತ್ತಿದ್ದಳು. ದೊಡ್ಡವನಾದ ಮೇಲೆ ನನಗೆ ಕಂಡದ್ದು, ಆ ಮಾತಿನಿಂದ ಕಾಲು ಜಾರುವ ಜಾಗಕ್ಕೆ ಮಕ್ಕಳು ಹೋಗುತ್ತಿರಲಿಲ್ಲ, ಹೂಗಳೂ ಅಲ್ಲೇ ಬೀಜವಾಗುತ್ತಿದ್ದವು. ಒಂದು ಕಥೆ ಮಗುವನ್ನೂ ಗಿಡವನ್ನೂ ಒಟ್ಟಿಗೆ ಕಾದಿತ್ತು.

ಇವೆಲ್ಲಕ್ಕಿಂತ ಅಜ್ಜಿಗೆ ಹತ್ತಿರದ್ದು ಗೌರಿ ಹೂ. ಕೆಲವರು ಕೋಳಿಕುಟುಮ ಎನ್ನುತ್ತಾರೆ, ಅಗ್ನಿಶಿಖೆ ಎನ್ನುತ್ತಾರೆ. ಮುಂಗಾರು ಬಿದ್ದೊಡನೆ ನೆಲದೊಳಗಿನ ಗೆಡ್ಡೆಯಿಂದ ಬಳ್ಳಿ ಮೇಲೇಳುತ್ತದೆ. ಅದಕ್ಕೆ ಬೇರೆ ಕುಡಿಯಿಲ್ಲ, ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಪೊದೆಯನ್ನು ಹಿಡಿದುಕೊಂಡು ಏರುತ್ತದೆ. ಭಾದ್ರಪದದ ಹೊತ್ತಿಗೆ ಹೂ. ಆರು ಎಸಳು, ಅಂಚು ಅಲೆಅಲೆಯಾಗಿ, ಎಲ್ಲ ಹಿಂದಕ್ಕೆ ಬಾಗಿ ಮೇಲಕ್ಕೆ ಎದ್ದಿರುತ್ತವೆ. ಮೊದಲ ದಿನ ಹಸಿರು, ಆಮೇಲೆ ಹಳದಿ, ಹಳದಿಯ ತುದಿಗೆ ಕೆಂಪು, ಕೊನೆಗೆ ಪೂರ್ತಿ ಕೆಂಪು. ಅಜ್ಜಿಯ ಕಥೆ ಈ ಬಣ್ಣಗಳದ್ದೇ. ಗೌರಿ ತವರಿಗೆ ಬರುವಾಗ ಹಸಿರು ಸೀರೆ ಉಟ್ಟು ಬರುತ್ತಾಳೆ. ತವರವರು ಎಣ್ಣೆ ಅರಿಶಿನ ಹಚ್ಚಿ ನೀರೆರೆಯುತ್ತಾರೆ, ಮೈಯೆಲ್ಲ ಹಳದಿ. ಮಾರನೇ ದಿನ ಮಗ ಗಣಪ ಕರೆಯಲು ಬಂದಾಗ ತಾಯಿ ಮಡಿಲು ತುಂಬಿ ಹಣೆತುಂಬ ಕುಂಕುಮ ಇಡುತ್ತಾಳೆ. ತವರು ಬಿಟ್ಟು ಹೊರಡುವ ಹೊತ್ತಿಗೆ ಅತ್ತು ಅತ್ತು ಮುಖ ಕೆಂಪಾಗಿರುತ್ತದೆ. 'ಬಿಟ್ಟೋಗೋಕೆ ಯಾವ ಹೆಣ್ಣಿಗೆ ಮನಸು ಬತ್ತದೆ ಹೇಳು' ಎಂದು ಅಜ್ಜಿ ಕಥೆ ಮುಗಿಸುವಾಗ ಕೇಳುತ್ತಿದ್ದಳು. ಸುತ್ತ ಕೂತ ಹೆಂಗಸರೆಲ್ಲ ತಮ್ಮ ತಮ್ಮ ತವರಿನ ಕಡೆ ನೋಡುತ್ತಿದ್ದರು.

ಹಬ್ಬದ ಹಿಂದಿನ ದಿನ ಬೆಟ್ಟದ ಮಗ್ಗುಲಿಗೆ, ಕಲ್ಲು ಬೇಲಿಗಳಿಗೆ ಹೋಗಿ ಹೂ ತರುವುದು. ಅದಕ್ಕೆ ನಿಯಮವಿತ್ತು. ಒಂದು ಬಳ್ಳಿಯಿಂದ ಒಂದೇ ಹೂ. ಪೂರ್ತಿ ಕೆಂಪಾದದ್ದನ್ನು ಕೀಳಬಾರದು, ಅದು ಹೊರಟು ನಿಂತ ಗೌರಿ. ಗೆಡ್ಡೆಗೆ ಕೈ ಹಾಕಲೇಬಾರದು, ಹಾಕಿದ ಕೈ ಬಾಯಿಗೆ ಹೋದರೆ ಜೀವಕ್ಕೇ ಕುತ್ತು. ಅದು ನಿಜವೇ, ಗೆಡ್ಡೆಯಲ್ಲೂ ಬೀಜದಲ್ಲೂ ಕೊಲ್ಚಿಸಿನ್ ಎಂಬ ವಿಷವಿದೆ. ಆಯುರ್ವೇದ ಅದನ್ನು ಉಪವಿಷಗಳಲ್ಲಿ ಎಣಿಸಿ, ಶುದ್ಧಿ ಮಾಡಿಯೇ ಬಳಸುತ್ತದೆ. ಅದೇ ಕೊಲ್ಚಿಸಿನ್ ವಾತರಕ್ತದ ಮಾತ್ರೆಗೆ ಬೇಕು. ಆ ಬೇಡಿಕೆ ನಾಡಿನ ಗುಡ್ಡಗಳಿಗೂ ಗುದ್ದಲಿ ತಂದಿತು. ಮುಟ್ಟಬಾರದು ಎಂಬ ಅಜ್ಜಿಯ ಮಾತು ಕೂಲಿಗೆ ಬಂದವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹಸಿದವರ ಮುಂದೆ ಅದು ನಿಲ್ಲುತ್ತಿರಲಿಲ್ಲವೇನೋ. ಗೆಡ್ಡೆ ಕಿತ್ತ ಮೇಲೆ ಬೀಜದಿಂದ ಹುಟ್ಟಿದ ಬಳ್ಳಿ ಹೂ ಬಿಡಲು ಮೂರು ನಾಲ್ಕು ವರ್ಷ ಬೇಕು.

ಈಗ ಗೌರಿ ಹಬ್ಬದ ಹಿಂದಿನ ದಿನ ದಾಬಸ್‌ಪೇಟೆಯ ಸರ್ಕಲ್ಲಿನಲ್ಲಿ ಹೂವಿಗೆ ಕೊರತೆಯಿಲ್ಲ. ಸೇವಂತಿಗೆ, ಆಸ್ಟರ್, ಕನಕಾಂಬರ, ಚೆಂಡುಹೂ ರಾಶಿ ರಾಶಿ. ದೊಡ್ಡಬಳ್ಳಾಪುರದ ಕಡೆಯ ಪಾಲಿಹೌಸುಗಳಿಂದ ಗುಲಾಬಿ, ಜರ್ಬೆರಾ. ನಮ್ಮದು ಹೂ ಬೆಳೆಯುವ ಜಿಲ್ಲೆ, ಹೆಬ್ಬಾಳದ ಹರಾಜಿನಲ್ಲಿ ನಮ್ಮ ರೈತರ ಗುಲಾಬಿಗೆ ಬೆಲೆಯಿದೆ, ಅದರಿಂದ ಎಷ್ಟೋ ಮನೆಗಳು ನಡೆಯುತ್ತಿವೆ. ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಮೊರದ ಬಾಗಿನದ ಪಕ್ಕ ಈಗ ಇರುವುದು ಕೆಂಪು ಜರ್ಬೆರಾ. ಒಂದು ವರ್ಷ ನೆಂಟರ ಮನೆಯಲ್ಲಿ ಅತ್ತಿಗೆಯೊಬ್ಬರು ಮಕ್ಕಳಿಗೆ ಗೌರಿ ಅತ್ತು ಕೆಂಪಾದ ಕಥೆ ಹೇಳುತ್ತಿದ್ದರು. ಅದೇ ಕಥೆ, ಅಜ್ಜಿ ಹೇಳಿದಂತೆಯೇ. ಕೈ ತೋರಿಸಿದ್ದು ಜರ್ಬೆರಾದ ಕಡೆ. ಮಕ್ಕಳು ತಲೆಯಾಡಿಸಿದರು. ಹಸಿರು ಎಲ್ಲಿ, ಹಳದಿ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಆ ಕ್ಷಣ ನನಗೆ ಗಂಟಲು ಕಟ್ಟಿತು.

ಹೂ ಹೋದದ್ದು ಒಂದೇ ಏಟಿಗೆ ಅಲ್ಲ. ಸುತ್ತಲಿನ ಸಣ್ಣ ಗುಡ್ಡಗಳು ಕಲ್ಲು ಕ್ವಾರಿಗಳಾದವು. ಬೆಂಗಳೂರಿನ ಗೋಡೆಗಳಿಗೆ, ರಸ್ತೆಗಳಿಗೆ ಜಲ್ಲಿ ಬೇಕಿತ್ತು, ಬಂಡೆ ನಮ್ಮಲ್ಲಿತ್ತು. ಸೋಂಪುರ ಹೋಬಳಿಯ ಹೊಲಗಳು ಕೈಗಾರಿಕಾ ಪ್ರದೇಶವಾದವು. ಕಲ್ಲು ಬೇಲಿ, ಬದು, ಗೋಮಾಳದ ಪೊದೆ ಎಲ್ಲ ಸಮತಟ್ಟಾದವು. ಬೆಟ್ಟದ ಹೂ ಬರೀ ಬೆಟ್ಟದಲ್ಲಿ ಬದುಕುವುದಿಲ್ಲ, ಜೇನು ಚಿಟ್ಟೆಗಳು ಓಡಾಡುವ ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಪೊದೆ ಬೇಕು. ಆ ದಾರಿ ಕಡಿಯಿತು.

ಅದಕ್ಕೂ ಮೊದಲೇ ನೀಲಗಿರಿ ಬಂದಿತ್ತು. ಟಿಪ್ಪು ನಂದಿಬೆಟ್ಟದಲ್ಲಿ ನೆಡಿಸಿದ ಆ ಪರದೇಶದ ಮರ, ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬೆಂಗಳೂರು ಗ್ರಾಮಾಂತರ, ಕೋಲಾರಗಳ ಹೊಲ ಗೋಮಾಳಗಳನ್ನು ತುಂಬಿತು. ಅದರ ಬುಡದಲ್ಲಿ ಹುಲ್ಲು ಕೂಡ ಸರಿಯಾಗಿ ಏಳುವುದಿಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸುವಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು. ಉಳಿದ ಜಾಗಕ್ಕೆ ಲಂಟಾನ. ಗೌರಿ ಬಳ್ಳಿ ಹಿಡಿದು ಏರುತ್ತಿದ್ದ ಕಾರೆ, ಲಕ್ಕಿ, ತಂಗಡಿ ಪೊದೆಗಳನ್ನೆಲ್ಲ ಅದು ನುಂಗಿತು. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದರೆ ಒಣ ಲಂಟಾನ ಹತ್ತಿಕೊಂಡು ಉರಿಯುವ ರೀತಿಯೇ ಬೇರೆ. ಹಳೆಯ ಹುಲ್ಲಿನ ಬೆಂಕಿ ಸರಿದು ಹೋಗುತ್ತಿತ್ತು, ಇದು ಒಂದೇ ಕಡೆ ನಿಂತು ನೆಲವನ್ನು ಬೇಯಿಸುತ್ತದೆ.

ನಮ್ಮ ಬೆಟ್ಟದ ಹೂಗಳು ಹೀಗೆ ಮರೆಯಾಗುತ್ತಿರುವಾಗಲೇ, 2022ರ ಮಳೆಗಾಲ ಮುಗಿಯುವ ಹೊತ್ತಿಗೆ ಚಂದ್ರದ್ರೋಣ ಪರ್ವತದಲ್ಲಿ ಕುರಿಂಜಿ ಅರಳಿದ ಸುದ್ದಿ ಬಂತು. ಮಲೆನಾಡಿನ ಹಳಬರು ಅದನ್ನು ಗುರಿಗೆ, ಗುರ್ಗಿ ಎನ್ನುತ್ತಾರೆ. ಗೆಳೆಯರೊಂದಿಗೆ ತುಮಕೂರು, ತಿಪಟೂರು, ಕಡೂರು ದಾಟಿ ಚಿಕ್ಕಮಗಳೂರಿಗೆ ಹೋದೆ. ಗಿರಿಯ ಮೇಲೆ ಮಂಜು ಸರಿದಾಗ ಕಂಡದ್ದನ್ನು ಹೇಗೆ ಹೇಳಲಿ. ಹುಲ್ಲುಗಾವಲಿನ ಇಳಿಜಾರು ನೀಲಿಯಾಗಿತ್ತು, ನೇರಳೆಯೂ ಅಲ್ಲದ ನೀಲಿಯೂ ಅಲ್ಲದ ಬಣ್ಣ; ಶೋಲಾ ಕಾಡಿನ ಹಸಿರು ಅಂಚಿನವರೆಗೂ ಹರಡಿತ್ತು. ಹತ್ತಿರ ಹೋದರೆ ಪೊದೆಪೊದೆಯೂ ಜೇನಿನ ಮೊರೆತ. ನಮ್ಮ ನಾಡಿನ ಅತಿ ಎತ್ತರದ ಮುಳ್ಳಯ್ಯನಗಿರಿ, 1,930 ಮೀಟರ್, ಆ ನೀಲಿಯ ಆಚೆ ನಿಂತಿತ್ತು.

ಹನ್ನೆರಡು ವರ್ಷ ಎಲೆ ಮಾತ್ರ ಬಿಟ್ಟುಕೊಂಡಿದ್ದು, ಒಂದು ವರ್ಷ ಎಲ್ಲವೂ ಒಟ್ಟಿಗೆ ಅರಳಿ, ಬೀಜ ಕೊಟ್ಟು, ಎಲ್ಲವೂ ಒಟ್ಟಿಗೆ ಸಾಯುವ ಗಿಡ ಇದು. ತಿನ್ನುವ ಹುಳ ಹಕ್ಕಿಗಳು ಎಷ್ಟು ತಿಂದರೂ ಮುಗಿಯದಷ್ಟು ಬೀಜ ಒಂದೇ ಸಲ ಸುರಿದು, ಉಳಿದದ್ದರಿಂದ ಮುಂದಿನ ತಲೆಮಾರು ಹುಟ್ಟಿಸುವ ಉಪಾಯ. ಬಿದಿರೂ ಹೀಗೇ ಮಾಡುತ್ತದೆ. ಬಿದಿರು ಹೂ ಬಿಟ್ಟರೆ ಬರ ಎಂಬ ನಮ್ಮ ಹಿರಿಯರ ಮಾತಿನ ಹಿಂದೆ, ಬಿದಿರಕ್ಕಿ ತಿಂದು ಹೆಚ್ಚಿದ ಇಲಿಗಳು ಆಮೇಲೆ ಹೊಲಕ್ಕೆ ನುಗ್ಗುವುದನ್ನು ಕಂಡ ಅನುಭವವಿದೆ. ಎಲ್ಲ ಬೆಟ್ಟದ ಕುರಿಂಜಿಗೂ ಒಂದೇ ವರ್ಷವಲ್ಲ. ಮುನ್ನಾರಿನಲ್ಲಿ 2006, 2018; ಕೊಡಗಿನ ಮಾಂದಲಪಟ್ಟಿಯಲ್ಲಿ 2021. ಒಂದೊಂದು ಇಳಿಜಾರಿಗೂ ಅದರದೇ ಲೆಕ್ಕ.

ಈ ಲೆಕ್ಕದ ಮೇಲೆಯೇ ಮನುಷ್ಯರು ಬದುಕು ಎಣಿಸಿದ್ದಾರೆ. ಮುನ್ನಾರು ಸೀಮೆಯ ಮುದುವ ಬುಡಕಟ್ಟಿನವರು ತಮ್ಮ ವಯಸ್ಸನ್ನು ಎಷ್ಟು ಕುರಿಂಜಿ ಕಂಡೆ ಎಂದು ಹೇಳುತ್ತಿದ್ದರು. ತಮಿಳಿನ ಹಳೆಯ ಸಂಗಂ ಕವಿಗಳಿಗೆ ಬೆಟ್ಟದ ನಾಡೆಂದರೆ ಕುರಿಂಜಿಯ ನಾಡು, ಅದರ ದೇವರು ಮುರುಗ. ಬೇಡರ ಹುಡುಗಿ ವಳ್ಳಿಯನ್ನು ಅವನು ವರಿಸಿದ್ದು ಕುರಿಂಜಿಯ ಮಾಲೆ ಹಾಕಿ. ಕೊಡೈಕನಾಲಿನಲ್ಲಿ 1936ರಲ್ಲಿ ಕಟ್ಟಿದ ಕುರಿಂಜಿ ಆಂಡವರ್ ಗುಡಿಯಿದೆ. ನಮ್ಮಲ್ಲೂ ಆ ದೇವರ ಬೆಟ್ಟಗಳು ಹೂವಿನ ಬೆಟ್ಟಗಳೇ. ತಾರಕಾಸುರನನ್ನು ಕೊಂದು ಬಂದ ಕುಮಾರಸ್ವಾಮಿಗೆ ಇಂದ್ರ ಮಗಳು ದೇವಸೇನೆಯನ್ನು ಧಾರೆಯೆರೆದ ಕುಮಾರಪರ್ವತ, ಅದನ್ನು ಮಡಿಲಲ್ಲಿಟ್ಟುಕೊಂಡ ಪುಷ್ಪಗಿರಿ. ಸಂಡೂರಿನ ಕುಮಾರಸ್ವಾಮಿಯ ಗುಡಿಯಿರುವ ಸ್ವಾಮಿಮಲೆಯಲ್ಲೂ ಕುರಿಂಜಿ ಅರಳುತ್ತದೆ. ಸುತ್ತಲೂ ಅದಿರಿನ ಗಣಿಗಳು.

ಗಿರಿಯ ರಸ್ತೆಯಲ್ಲಿ ಅಂದು ವಾಹನಗಳ ಸಾಲು. ಜನ ಇಳಿದು ಇಳಿಜಾರಿಗೆ ನುಗ್ಗಿ, ಹೂವಿನ ಪೊದೆಗಳ ಮೇಲೆ ಕೂತು ಮಲಗಿ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ತೋಳು ತುಂಬ ಕಿತ್ತು ಕಾರಿನ ಮುಂದೆ ಕಟ್ಟಿದವರಿದ್ದರು. ಅವರಿಗೆ ಹೂವಿನ ಬಗ್ಗೆ ಗೊತ್ತಿದ್ದ ಒಂದೇ ಮಾತು 'ಹನ್ನೆರಡು ವರ್ಷಕ್ಕೊಮ್ಮೆ'. ಆ ಗಿಡ ಬೀಜ ಕಟ್ಟುವುದು ಅದೊಂದೇ ಸಲ, ಕಿತ್ತ ಕೊಂಬೆಯ ಜೊತೆಗೆ ಹನ್ನೆರಡು ವರ್ಷದ ಕೂಡಿಟ್ಟದ್ದೂ ಹೋಯಿತು ಎಂದು ಹೇಳುವವರು ಅಲ್ಲಿ ಇರಲಿಲ್ಲ. ವಳ್ಳಿಯ ಹೂ, ಕುಮಾರಸ್ವಾಮಿಯ ಹೂ ಎಂದು ಗೊತ್ತಿದ್ದರೆ ಕೈ ಸ್ವಲ್ಪ ಅಳುಕುತ್ತಿತ್ತು ಎಂದು ನನ್ನ ನಂಬಿಕೆ. ನೀಲಗಿರಿ ಬೆಟ್ಟಗಳಲ್ಲಿ, ಮುನ್ನಾರಿನಲ್ಲಿ ಹತ್ತೊಂಬತ್ತನೇ ಶತಮಾನದಿಂದಲೇ ಚಹಾ ತೋಟ, ನೀಲಗಿರಿ, ವಾಟಲ್ ಮರಗಳು ಕುರಿಂಜಿಯ ಹುಲ್ಲುಗಾವಲನ್ನು ಆಕ್ರಮಿಸಿಕೊಂಡವು. 2024ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಈ ಗಿಡವನ್ನು ಅಪಾಯದ ಅಂಚಿನಲ್ಲಿರುವವುಗಳ ಪಟ್ಟಿಗೆ ಸೇರಿಸಿತು. ಇಷ್ಟೊಂದು ಜನ ನೋಡಲು ಬರುವ ಹೂವಿಗೇ ಈ ಗತಿ. ನಮ್ಮ ದೊಣೆಯ ಹೂಗಳನ್ನು ಯಾವ ಪಟ್ಟಿಯೂ ಕೇಳುವುದಿಲ್ಲ.

ಹೂವೂ ಕಥೆಯೂ ಬೇರೆಯಾಗದೆ ಉಳಿದ ಒಂದು ಜಾಗವನ್ನು ನಾನು ಕಂಡಿದ್ದೇನೆ. ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆ, ಭಾರ್ಗವಿ ಹೊಳೆಯ ದಡದಲ್ಲಿ ದೊಡ್ಡ ಸಂಪಿಗೆ. ನೂರಾರು ವರ್ಷದ ಮರ. ಬುಡ ಎಷ್ಟು ಹರಡಿದೆಯೆಂದರೆ ಒಂದೇ ಮರವೆಂದು ನಂಬಲು ಹೊತ್ತು ಬೇಕು. ಸುತ್ತ ಲಿಂಗದಂತೆ ನಿಲ್ಲಿಸಿದ ಕಲ್ಲುಗಳು. ಆ ಕಾಡಿನ ಮೂಲನಿವಾಸಿಗಳಾದ ಸೋಲಿಗರಿಗೆ ಅದು ಮರವಲ್ಲ, ದೇವರು. ಹಾಡಿನಲ್ಲಿ ಅದನ್ನು ಕರೆಯುತ್ತಾರೆ, ಹೂವನ್ನು ಮುಡಿಯುವ ಮುನ್ನ ಕೇಳಿಕೊಳ್ಳುತ್ತಾರೆ. ಅಲ್ಲಿನ ಮಕ್ಕಳಿಗೆ ಕಥೆ ಹೇಳಿದರೆ ಕೈ ತೋರಿಸಲು ಅದೇ ಮರ, ಅದೇ ಹೂ ಇದೆ.

ಅದೂ ಸುಲಭದಲ್ಲಿ ಉಳಿದದ್ದಲ್ಲ. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾದಾಗ ಸೋಲಿಗರನ್ನು ಒಳಗಿನ ನೆಲೆಗಳಿಂದ ಎಬ್ಬಿಸಿ ಪೋಡು ಎಂಬ ಹಾಡಿಗಳಿಗೆ ತಂದು ಕೂರಿಸಿದರು. ಬೇಸಿಗೆ ಬಲಿಯುವ ಮುನ್ನ ಒಣ ಎಲೆಗೆ ಅವರು ಹಚ್ಚುತ್ತಿದ್ದ ತರಗು ಬೆಂಕಿ ನಿಂತಿತು. ಆ ಸಣ್ಣ ಬೆಂಕಿ ನಿಂತ ಮೇಲೆ ಲಂಟಾನ ಕಾಡನ್ನು ತುಂಬಿಕೊಂಡಿತು ಎಂದು ಸೋಲಿಗ ಹಿರಿಯರು ಹೇಳುತ್ತಲೇ ಬಂದಿದ್ದಾರೆ. 2011ರಲ್ಲಿ ಅದೇ ಕಾಡು ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಕಾಡಿನ ಮೇಲೆ ಸಮುದಾಯದ ಹಕ್ಕು ಸಿಕ್ಕಿತು. ದೊಡ್ಡ ಸಂಪಿಗೆಗೆ ಹೋಗುವ ದಾರಿ ಅವರಿಗೆ ತೆರೆದೇ ಇರುವುದಕ್ಕೆ ಇಷ್ಟೆಲ್ಲ ಹೋರಾಟ ಬೇಕಾಯಿತು. ಶಿವಗಂಗೆಯ ಹೂಗಳಿಗೆ ಹಾಗೆ ಹೋರಾಡುವ ಜನ ಇರಲಿಲ್ಲ. ಅಜ್ಜಿಯಂಥವರು ಒಬ್ಬೊಬ್ಬರೇ ಹೋದರು. ಅವರ ಹಿಂದೆ ಬಂದ ನಾವು ಹೈವೇಯ ಕಡೆ ಮುಖ ಮಾಡಿದೆವು.

ಚಂದ್ರದ್ರೋಣದಲ್ಲಿ ಆ ಕುರಿಂಜಿ ಮತ್ತೆ ಅರಳುವುದು 2034ಕ್ಕೆ. ನನ್ನ ತಮ್ಮನ ಮಗಳು ಆಗ ಕಾಲೇಜು ಮುಗಿಸಿರುತ್ತಾಳೆ. ಅವಳು ಈಗಲೇ ಅದರ ಚಿತ್ರ ನೋಡಿ, ಕರ್ಕೊಂಡು ಹೋಗ್ತೀಯಾ ದೊಡ್ಡಪ್ಪ ಎಂದು ಕೇಳಿ ಒಪ್ಪಿಸಿಕೊಂಡಿದ್ದಾಳೆ. ಗೌರಿ ಹೂವನ್ನು ಅವಳು ಒಮ್ಮೆಯೂ ಕಂಡಿಲ್ಲ. ಅದಕ್ಕೆ ಹನ್ನೆರಡು ವರ್ಷ ಬೇಕಿಲ್ಲ, ಬರುವ ಭಾದ್ರಪದ ಸಾಕು. ಶಿವಗಂಗೆಯ ಹಿಂಬದಿಯಲ್ಲಿ ಮೆಟ್ಟಿಲಿಲ್ಲದ ಮಗ್ಗುಲೊಂದಿದೆ, ಅಲ್ಲಿ ಲಂಟಾನದ ನಡುವೆ ಇನ್ನೂ ಒಂದಷ್ಟು ಕಾರೆ ಪೊದೆಗಳಿವೆ. ಗೆಡ್ಡೆ ನೆಲದೊಳಗೆ ಉಳಿದಿದ್ದರೆ ಬಳ್ಳಿ ಅಲ್ಲೇ ಏಳಬೇಕು. ಅವಳನ್ನು ಕರೆದುಕೊಂಡು ಹೋಗಿ ಹುಡುಕುತ್ತೇನೆ. ಒಂದು ಹೂ ಸಿಕ್ಕಿದರೂ ಅಲ್ಲೇ ಕೂತು ಅಜ್ಜಿ ಹೇಳಿದ ಹಸಿರು ಸೀರೆಯ ಕಥೆ ಹೇಳುತ್ತೇನೆ. ಸಿಗದಿದ್ದರೆ ಹೇಳುವುದಿಲ್ಲ, ಮುಂದಿನ ವರ್ಷ ಇನ್ನೊಂದು ಬೆಟ್ಟದಲ್ಲಿ ಹುಡುಕುತ್ತೇವೆ.